ಸಹಾಯ ಬೇಕು: ಎಂಜಿಬಿಗೆ ಐದು ಗೇರಿನ ಬಾಕ್ಸ್ ಹಾಕಿದ್ಮೇಲೆ ಕ್ಲಚ್ ಬಿಡ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನಿರೋದು ಇಂಗ್ಲೆಂಡಿನ ಕೊವೆಂಟ್ರಿಲಿ. ನನ್ನ 1972ರ ಎಂಜಿಬಿ ಸ್ಪೋರ್ಟ್ಸ್ ಕಾರಿನ ನಾಲ್ಕು ಗೇರಿನ ಬಾಕ್ಸ್ ತೆಗೆದು ಫೋರ್ಡ್ ಸಿಯೆರಾ ಕಾರಿನ ಟೈಪ್ 9 ಅನ್ನೋ ಐದು ಗೇರಿನ ಬಾಕ್ಸ್ ಕೂರಿಸಿದೆ. ಮೋಟರ್‌ವೇಲಿ ಇಂಜಿನ್ ಕಿರುಚೋದು ತಪ್ಪಲಿ ಅಂತ ಆಸೆ.

ಇಂಜಿನ್ ಆಫ್ ಇದ್ದಾಗ ಐದೂ ಗೇರು ಬೆಣ್ಣೆ ಥರ ಬೀಳುತ್ತೆ. ಸ್ಟಾರ್ಟ್ ಮಾಡಿ ಕ್ಲಚ್ ಪೂರ್ತಿ ತುಳಿದ್ರೂ ಫಸ್ಟಿಗೆ ಹೋಗಲ್ಲ. ರಿವರ್ಸ್ ಅಂತೂ ಕರಕರ ಹಲ್ಲು ಕಡಿಯುತ್ತೆ. ಕ್ಲಚ್ ಪೈಪಲ್ಲಿರೋ ಗಾಳಿ ಹೋಗಲಿ ಅಂತ ಎರಡು ಸಲ ಬ್ಲೀಡ್ ಮಾಡಿದೆ. ಪೆಡಲ್ ತುಳಿದಾಗ ಕ್ಲಚ್ ಫೋರ್ಕನ್ನ ತಳ್ಳೋ ಸ್ಲೇವ್ ಸಿಲಿಂಡರ್ ಹೊಸದು, ಅದರ ರಾಡ್ 12 ಮಿ.ಮೀ. ಸರಿಯುತ್ತೆ.

ಕ್ರ್ಯಾಂಕ್ ತುದಿಯ ಸ್ಪಿಗಾಟ್ ಬುಷ್ (ಗೇರ್‌ಬಾಕ್ಸ್ ಶಾಫ್ಟಿನ ಮೂತಿ ಕೂರೋ ಬಳೆ) ಬಿಗಿಯಾಗಿ ಇನ್‌ಪುಟ್ ಶಾಫ್ಟನ್ನ ಹಿಡ್ಕೊಂಡಿದೆಯಾ, ಇಲ್ಲಾ ಕ್ಲಚ್ ಪ್ಲೇಟನ್ನೇ ಹಿಂದುಮುಂದು ಹಾಕಿಬಿಟ್ನಾ? ಬಿಚ್ಚಬೇಕಂದ್ರೆ ಇಂಜಿನ್ ಸಮೇತ ಎತ್ತಬೇಕು, ನನ್ನ ಸೊಂಟ ಒಪ್ತಿಲ್ಲ. ಬಿಚ್ಚದೇನೇ ಎರಡರಲ್ಲಿ ಯಾವುದು ಅಂತ ಪತ್ತೆ ಹಚ್ಚೋದು ಹೇಗೆ?