ಆಸ್ಪತ್ರೆ ಆಡಳಿತದಲ್ಲಿ ಮುಂದಿನ ಹೆಜ್ಜೆ ಯಾವುದು?

ಪೆರ್ಲದವಳು:
ಎಲ್ಲರಿಗೂ ನಮಸ್ಕಾರ. ನಮ್ಮೂರು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ. ಬಿಎಸ್ಸಿ ನರ್ಸಿಂಗ್ ಮುಗಿಸಿ ಮಂಗಳೂರಿನ ಒಂದು ಆಸ್ಪತ್ರೆಗೆ ಸೇರಿದವಳು ನಾನು. ವಾರ್ಡ್ ಡ್ಯೂಟಿಯಿಂದ ನರ್ಸಿಂಗ್ ಸೂಪರಿಂಟೆಂಡೆಂಟ್ ಆದೆ, ಈಗ ಆಪರೇಷನ್ಸ್ ಮ್ಯಾನೇಜರ್. ವಯಸ್ಸು 42. ಮುಂದೇನು ಅಂತ ಕೇಳಿದರೆ ಮ್ಯಾನೇಜ್‌ಮೆಂಟಿನವರು "ನೋಡುವಾ" ಅಂತಾರೆ. ಇಡೀ ಆಸ್ಪತ್ರೆ ನಡೆಸುವ ಜವಾಬ್ದಾರಿ ನನಗೆ ಬೇಕು. ಇದನ್ನು ಹೇಳಲು ನನಗೆ ಸಂಕೋಚ ಇಲ್ಲ. ಆದರೆ ಮನೆಯಲ್ಲಿ ಅತ್ತೆಗೆ ಹುಷಾರಿಲ್ಲ, ಮಗಳು ಒಂಬತ್ತನೇ ಕ್ಲಾಸು. ಬೆಂಗಳೂರಿಗೆ ಹೋಗುವ ಹಾಗಿಲ್ಲ. ಕೆಲಸ ಬಿಟ್ಟು ಎಂಬಿಎ ಮಾಡಬೇಕಾ?

ಕುಂಬಳೆಯಣ್ಣ:
ತಂಗೀ, ಕೆಲಸ ಬಿಡಬೇಡಿ. ಇಗ್ನೋದಲ್ಲಿ (ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ) ಆಸ್ಪತ್ರೆ ಆಡಳಿತದ ಪಿಜಿ ಡಿಪ್ಲೊಮಾ ಇದೆ, ದೂರಶಿಕ್ಷಣದಲ್ಲೇ ಮಾಡಬಹುದು. ನಾನು ಆಡಳಿತದಲ್ಲಿದ್ದು ನಿವೃತ್ತನಾದವನು. ದೊಡ್ಡ ಹುದ್ದೆಯ ಇಂಟರ್‌ವ್ಯೂನಲ್ಲಿ ಡಿಗ್ರಿಗಿಂತ ಜಾಸ್ತಿ ಕೇಳುವುದು ದುಡ್ಡಿನ ವಿಷಯ. ಒಂದು ಬೆಡ್ಡಿಗೆ ದಿನಕ್ಕೆ ಎಷ್ಟು ಆದಾಯ? ಟಿಪಿಎ, ಅಂದರೆ ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡುವವರಿಂದ, ಬಾಕಿ ಬರಲು ಎಷ್ಟು ದಿನ? ಕ್ಲೇಮ್ ಯಾಕೆ ವಾಪಸ್ ಬರುತ್ತದೆ? ಅಕೌಂಟ್ಸಿನವರ ತಿಂಗಳ ಮೀಟಿಂಗಿನಲ್ಲಿ ನಾನೂ ಕೂರುತ್ತೇನೆ ಅಂತ ಈಗಲೇ ಕೇಳಿಕೊಳ್ಳಿ.

ಇನ್ನೊಂದು, ಮಾಡಿದ ಕೆಲಸವನ್ನು ಬರೆದಿಡಿ. ಡಿಸ್ಚಾರ್ಜ್ ಒಂದನ್ನೇ ತೆಗೆದುಕೊಳ್ಳಿ. ಡಾಕ್ಟರು ಬೆಳಿಗ್ಗೆ ರೌಂಡ್ಸಿನಲ್ಲಿ "ಮನೆಗೆ ಹೋಗಬಹುದು" ಅಂತಾರೆ. ಆಮೇಲೆ ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗಬೇಕು, ಸಮ್ಮರಿ ಟೈಪ್ ಆಗಬೇಕು, ಬಿಲ್ ಆಗಬೇಕು, ಇನ್ಶೂರೆನ್ಸಿನವರ ಒಪ್ಪಿಗೆ ಬರಬೇಕು. ಅಷ್ಟರಲ್ಲಿ ಊರಿನ ಬಸ್ಸು ಹೋಗಿರುತ್ತದೆ. ಎಲ್ಲಿ ಎಷ್ಟು ಹೊತ್ತು ನಿಂತಿತು, ನೀವು ಎಷ್ಟು ಇಳಿಸಿದಿರಿ? ಅಂಥ ಒಂದು ಹಾಳೆ ನಿಮ್ಮ ಕೈಯಲ್ಲಿರಲಿ.

ಬದಿಯಡ್ಕ ಕ್ವಾಲಿಟಿ:
ಅಣ್ಣ ಹೇಳಿದ್ದು ಸರಿ, ಆದರೆ ಡಿಪ್ಲೊಮಾಕ್ಕಿಂತ ಮೊದಲು ನಾನು ಎನ್‌ಎಬಿಎಚ್ ಹೇಳುತ್ತೇನೆ. ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ, 2005ರಲ್ಲಿ ಶುರುವಾದ ಮಂಡಳಿ ಅದು, ಆಸ್ಪತ್ರೆಗಳಿಗೆ ಅದರ ಆರನೇ ಆವೃತ್ತಿಯ ಮಾನದಂಡ 2025ರಲ್ಲಿ ಬಂತು. ನಿಮ್ಮ ಆಸ್ಪತ್ರೆಯಲ್ಲಿ ಆ ಮಾನ್ಯತೆಯ ತಯಾರಿಯ ಮುಂದಾಳತ್ವ ವಹಿಸಿದರೆ ಆಪರೇಷನ್ ಥಿಯೇಟರ್, ಲ್ಯಾಬು, ಅಡುಗೆಮನೆ, ಬಯೋಮೆಡಿಕಲ್ ಕಸ, ಎಲ್ಲದರ ಒಳಹೊರಗು ತಿಳಿಯುತ್ತದೆ.

ಅಕ್ಕಾ, ಮಂಗಳೂರೊಂದನ್ನೇ ಯಾಕೆ ನೋಡುತ್ತೀರಿ? 2020ರಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಕರ್ನಾಟಕ-ಕೇರಳ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮವರು ಪಟ್ಟ ಪಾಡು ನಿಮಗೆ ಗೊತ್ತಲ್ವಾ. ಕಾಸರಗೋಡಿಗೆ ಒಳ್ಳೆ ಆಸ್ಪತ್ರೆಗಳು ಬೇಕು, ಅವನ್ನು ನಡೆಸುವವರೂ ಬೇಕು. ಅಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಕರ್ನಾಟಕದ ಕೆಪಿಎಂಇ ಕಾಯ್ದೆ, ಇಲ್ಲಿ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಕೇರಳದ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆ, ಸರಕಾರದ ಚಿಕಿತ್ಸಾ ನೆರವಿನ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆ. ಎರಡೂ ಕಡೆಯದು ತಿಳಿದು, ಕನ್ನಡ, ತುಳು, ಮಲಯಾಳದಲ್ಲಿ ರೋಗಿಯ ಮನೆಯವರ ಹತ್ತಿರ ಮಾತಾಡುವವರು ಎಷ್ಟು ಜನ ಸಿಗ್ತಾರೆ?

ಪೆರ್ಲದವಳು:
ಕಾಸರಗೋಡಿನ ಕಡೆ ನಾನು ಯೋಚಿಸಿಯೇ ಇರಲಿಲ್ಲ. ತುಂಬಾ ಉಪಕಾರ. ನಮ್ಮ ಮ್ಯಾನೇಜಿಂಗ್ ಡೈರೆಕ್ಟರ್ ಹತ್ತಿರ ಈ ಮಾತು ತೆಗೆಯುವುದು ಹೇಗೆ? ಬಿಟ್ಟು ಹೋಗ್ತಾಳೆ ಅಂದುಕೊಂಡರೆ?

ಕುಂಬಳೆಯಣ್ಣ:
ಹೋಗುವ ಮಾತು ಎತ್ತಲೇಬೇಡಿ. "ಎರಡು ವರ್ಷದಲ್ಲಿ ನನ್ನಿಂದ ಯಾವ ಕೆಲಸ ಆಗಬೇಕು, ಅದು ಆದರೆ ಯಾವ ಹುದ್ದೆ ಕೊಡುತ್ತೀರಿ" ಅಂತ ನೇರವಾಗಿ ಕೇಳಿ, ಅವರು ಹೇಳಿದ ಉತ್ತರವನ್ನು ಅವತ್ತೇ ಬರೆದು ಅವರಿಗೇ ಮೇಲ್ ಮಾಡಿ. ಆಗಲೂ "ನೋಡುವಾ" ಅಂದರೆ ಗಡಿ ಈಚೆ ಅರ್ಜಿ ಹಾಕಲು ಶುರು ಮಾಡಿ.