ಮೇ ಬಿಸಿಲಲ್ಲಿ ಹಿತ್ತಲು: ಹೀರೆಗೆ ಹೂವಿದೆ ಕಾಯಿಲ್ಲ, ಟೊಮೆಟೊ ಹೂ ಉದುರುತ್ತಿದೆ

ಹಿತ್ತಲಮನೆ (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ 20 ಅಡಿ ಉದ್ದ, 12 ಅಡಿ ಅಗಲದ ಜಾಗ ಇದೆ. ಪೂರ್ತಿ ಎರೆಮಣ್ಣು. ಪಶ್ಚಿಮಕ್ಕೆ ಕಾಂಪೌಂಡ್ ಗೋಡೆ, ಅದರ ಬುಡದುದ್ದಕ್ಕೂ ಶಹಾಬಾದ್ ಫರಸಿ ಕಲ್ಲು ಹಾಸಿದೆ. ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ನಿಲ್ಲೋಕೆ ಆಗಲ್ಲ.

ಬೆಂಡೆ ಚೆನ್ನಾಗಿದೆ, ದಿನ ಬಿಟ್ಟು ದಿನ ಕೀಳುತ್ತಿದ್ದೇನೆ. ಚವಳೆಕಾಯಿ (ಗೋರಿಕಾಯಿ) ಈಗಷ್ಟೇ ಗೊಂಚಲು ಬಿಡುತ್ತಿದೆ. ಪುಂಡಿ ಸೊಪ್ಪು ಮತ್ತು ರಾಜಗಿರಿ ಇವೆ, ಕೊತ್ತಂಬರಿ ಮಾತ್ರ ಎಲೆ ಬಿಡೋ ಮೊದಲೇ ಹೂವಿಗೆ ಹೋಯಿತು. ಚಿಂತೆ ಇರೋದು ಎರಡಕ್ಕೆ. ಹೀರೆ ಬಳ್ಳಿ ಗೋಡೆ ದಾಟಿದೆ, ಹಳದಿ ಹೂ ರಾಶಿ ರಾಶಿ, ಆದರೆ ಕಾಯಿ ಒಂದೂ ಇಲ್ಲ. ಟೊಮೆಟೊ ಗಿಡ ಹಸಿರಾಗಿಯೇ ಇದೆ, ಹೂ ಮಾತ್ರ ತೊಟ್ಟು ಹಳದಿಯಾಗಿ ಉದುರಿ ಬೀಳುತ್ತಿದೆ. ಗೊಬ್ಬರ ಕಡಿಮೆಯಾಯಿತಾ? ನಳದ ನೀರು ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ, ಉಳಿದ ದಿನ ಬೋರ್‌ವೆಲ್ ನೀರು. ದಯವಿಟ್ಟು ಹೇಳಿ.

ಮಣ್ಣುಕೈ (ಬೀದರ್):

ಗೊಬ್ಬರ ಹಾಕಬೇಡಿ ಅಕ್ಕಾ. ಈಗ ಯೂರಿಯಾ ಏನಾದರೂ ಕೊಟ್ಟರೆ ಬಳ್ಳಿ ಇನ್ನಷ್ಟು ಎಲೆ ಮಾಡುತ್ತದೆ ಅಷ್ಟೇ.

ಮೊದಲು ಹೀರೆ ನೋಡೋಣ. ಆ ರಾಶಿ ಹೂವೆಲ್ಲ ಗಂಡು ಹೂ. ಗಂಡು ಹೂ ಗೊಂಚಲಲ್ಲಿ ಬರುತ್ತದೆ, ಹೆಣ್ಣು ಹೂ ಒಂಟಿಯಾಗಿ ಬರುತ್ತದೆ, ಅದರ ಹಿಂದೆ ಕಡ್ಡಿಯಷ್ಟು ಸಣ್ಣ ಹೀರೆಕಾಯಿ ಆಗಲೇ ಕಾಣುತ್ತದೆ. ಬಳ್ಳಿ ಮೊದಲು ಗಂಡು ಹೂ ಬಿಡುವುದು ಸಹಜ. ಅದರ ಮೇಲೆ ಬಿಸಿಲು ಜಾಸ್ತಿ, ಹಗಲು ಉದ್ದ ಆದರೆ ಗಂಡು ಹೂ ಇನ್ನೂ ಹೆಚ್ಚು, ಹೆಣ್ಣು ಹೂ ತಡ. ಮುಖ್ಯ ಬಳ್ಳಿಯ ತುದಿ ಚಿವುಟಿ. ಪಕ್ಕದ ಕವಲು ಒಡೆಯುತ್ತವೆ, ಹೆಣ್ಣು ಹೂ ಹೆಚ್ಚಾಗಿ ಅಲ್ಲೇ ಬರೋದು.

ಇನ್ನೊಂದು ಮಾತು ಬಹಳ ಜನ ಗಮನಿಸಲ್ಲ. ಹೀರೆ ಹೂ ಅರಳುವುದು ಸಂಜೆ. ಬೆಳಿಗ್ಗೆ ಹೋಗಿ ಜೇನುನೊಣ ಬಂದಿಲ್ಲ ಅಂತ ಬೇಜಾರು ಮಾಡಿಕೊಂಡರೆ ಪ್ರಯೋಜನ ಇಲ್ಲ. ಸಂಜೆ ಐದೂವರೆ ಆರಕ್ಕೆ ಹೋಗಿ, ಆಗಷ್ಟೇ ಬಿಚ್ಚಿದ ಗಂಡು ಹೂ ಕಿತ್ತು, ಎಸಳು ತೆಗೆದು, ಅದರ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ತಾಗಿಸಿ. ಸೋರೆಕಾಯಿಗೂ ಸಂಜೆಯೇ. ಸೌತೆ, ಹಾಗಲಕ್ಕೆ ಬೆಳಿಗ್ಗೆ.

ಟೊಮೆಟೊ ಹೂ ಉದುರುತ್ತಿರೋದು ಸೆಕೆಗೆ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಅದರ ಪರಾಗ ಕೆಲಸ ಮಾಡಲ್ಲ, ಹೂ ಕಳಚುತ್ತದೆ. ಕಲಬುರಗಿಯಲ್ಲಿ 40ರ ಮೇಲೆ ಇರುವಾಗ ಯಾವ ಔಷಧಿ ಹೊಡೆದರೂ ಅಷ್ಟೇ. ಬೀದರ್ ನಿಮಗಿಂತ ಎತ್ತರದಲ್ಲಿದೆ, ರಾತ್ರಿ ಸ್ವಲ್ಪ ತಂಪು, ಆದರೂ ಮೇನಲ್ಲಿ ನಮ್ಮ ಗಿಡಗಳೂ ಕಾಯಿ ಕಚ್ಚಲ್ಲ. ಮೂರನೇ ಒಂದು ಭಾಗ ಕತ್ತರಿಸಿ, ಬುಡಕ್ಕೆ ಒಣ ಹುಲ್ಲು, ಹೊಟ್ಟಿನ ಮುಚ್ಚಿಗೆ ಕೊಟ್ಟು ಬಿಡಿ. ಮಳೆ ಬಿದ್ದ ಮೇಲೆ ಹೊಸ ಚಿಗುರಲ್ಲಿ ಹೂ ಹಿಡಿಯುತ್ತದೆ.

ಭೀಮಾತೀರ (ಯಾದಗಿರಿ):

ಮೇಲಿನ ತಂಗಿ ಹೇಳಿದ್ದು ಹೀರೆ ವಿಷಯದಲ್ಲಿ ಪೂರ್ತಿ ಸರಿ. ಟೊಮೆಟೊ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಬೇಸಿಗೆಯಲ್ಲಿ ಬಿಳಿನೊಣ ಜೋರು, ಹಳೆ ಗಿಡ ಇಟ್ಟುಕೊಂಡರೆ ಎಲೆ ಮುದುಡು ರೋಗ ಅದರಲ್ಲೇ ಉಳಿದು ಹೊಸ ಸಸಿಗೆ ದಾಟುತ್ತದೆ. ಎಲೆ ಮುದುಡಿದ ಗಿಡ ಒಂದಿದ್ದರೂ ಕಿತ್ತು ಹಾಕಿ. ಎಲ್ಲ ಗಿಡವೂ ಶುದ್ಧ ಹಸಿರಿದ್ದರೆ ಮಾತ್ರ ಕತ್ತರಿಸಿ ಉಳಿಸಿಕೊಳ್ಳಿ.

ನನಗೆ ಹೆಚ್ಚು ಕಾಳಜಿ ಅನ್ನಿಸಿದ್ದು ಮಣ್ಣು. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಬಿರುಕು ಬಿಟ್ಟಾಗ ಸಣ್ಣ ಬೇರು ಹರಿಯುತ್ತದೆ, ಬಿರುಕಿನೊಳಗಿಂದ ತೇವವೂ ಹಾರಿ ಹೋಗುತ್ತದೆ. ಹಾಗಾಗಿ ನೀರಿಗಿಂತ ಮೊದಲು ಮುಚ್ಚಿಗೆ. ಜೋಳದ ಕಣಿಕೆ ದನಕ್ಕೆ ಬೇಕು, ಅದನ್ನು ಕೇಳೋದು ಬೇಡ. ತೊಗರಿ ಹೊಟ್ಟು, ಶೇಂಗಾ ಸಿಪ್ಪೆ ನಿಮ್ಮ ಕಡೆ ಸಿಗುತ್ತದೆ ಅಲ್ವಾ, ನಮಗೆ ಶಹಾಪುರ ಸುರಪುರದ ಕಡೆ ಕಾಲುವೆ ಗದ್ದೆಗಳಿರೋದರಿಂದ ಭತ್ತದ ಹುಲ್ಲು ಸಿಗುತ್ತದೆ. ಯಾವುದಾದರೂ ಸರಿ, ನಾಲ್ಕು ಬೆರಳು ದಪ್ಪ ಹಾಸಿ. ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಡಿ, ಇಲ್ಲಾಂದ್ರೆ ಗೆದ್ದಲು ಬರುತ್ತದೆ. ನೀರು ಸಂಜೆ ಅಥವಾ ನಸುಕಿನಲ್ಲಿ, ದಿನಾ ಚಿಮುಕಿಸೋದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಬೇರಿಗೆ ಇಳಿಯುವಷ್ಟು. ನೀರಿನ ಕೊರತೆ ಇದ್ದರೆ ಹೀರೆ ಬುಡದ ಪಕ್ಕ ಒಂದು ಮಣ್ಣಿನ ಗಡಿಗೆ ಕುತ್ತಿಗೆವರೆಗೆ ಹೂಳಿ, ತುಂಬಿಸಿ, ಬಾಯಿ ಮುಚ್ಚಿ. ಸುಡುವ ಫರಸಿಯ ಮೇಲೂ ಗೋಣಿ ಚೀಲ ಹಾಸಿಬಿಡಿ. ಗೋಡೆ ಮತ್ತು ಕಲ್ಲು ರಾತ್ರಿ ಹತ್ತರವರೆಗೆ ಕಾವು ಬಿಡುತ್ತಲೇ ಇರುತ್ತವೆ, ಬಳ್ಳಿಗೆ ಅದೇ ದೊಡ್ಡ ಪೆಟ್ಟು. ಬಳ್ಳಿಯನ್ನು ಗೋಡೆಯಿಂದ ಬಿಡಿಸಿ ತೊಗರಿ ಕಟ್ಟಿಗೆಯ ಚಪ್ಪರಕ್ಕೆ ಏರಿಸಿದರೆ ಇನ್ನೂ ಒಳ್ಳೆಯದು.

ಹಿತ್ತಲಮನೆ (ಕಲಬುರಗಿ):

ಕಾಕಾ, ಅಕ್ಕಾ, ಇಬ್ಬರಿಗೂ ತುಂಬಾ ಧನ್ಯವಾದ. ಈಗ ಹೋಗಿ ನೋಡಿದೆ, ಪಕ್ಕದ ಕವಲಲ್ಲಿ ಮಿಡಿ ಇರುವ ಮೊಗ್ಗು ಎರಡು ಸಿಕ್ಕವು! ಇನ್ನೊಂದು ಕೇಳೋದಿತ್ತು. ಚವಳೆಕಾಯಿಯ ಹೊಸ ಎಲೆ ಹಳದಿ ಆಗುತ್ತಿವೆ, ನರ ಮಾತ್ರ ಹಸಿರು. ಹಳೆ ಎಲೆ ಚೆನ್ನಾಗಿವೆ. ಬೆಂಡೆಯಲ್ಲೂ ಒಂದೆರಡು ಗಿಡ ಹಳದಿ, ಅದರಲ್ಲಿ ನರಗಳೇ ಹಳದಿ. ಎರಡೂ ಒಂದೇನಾ? ನೆರಳಿಗೆ ಗ್ರೀನ್ ನೆಟ್ ಕಟ್ಟಿದರೆ ಸರಿ ಹೋಗುತ್ತಾ?

ಪುಂಡಿಪಲ್ಯ (ಸೇಡಂ):

ಎರಡೂ ಬೇರೆ ಬೇರೆ ರೀ. ನೀವು ನರ ನೋಡಿ ಹೇಳಿದ್ದು ಒಳ್ಳೆಯದಾಯಿತು.

ಚವಳೆಯದ್ದು ಕಬ್ಬಿಣದ ಕೊರತೆ. ನಮ್ಮ ಎರೆಮಣ್ಣಲ್ಲಿ ಸುಣ್ಣದ ಅಂಶ ಜಾಸ್ತಿ, ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ, ನೀರು ನಿಂತರೆ ಇನ್ನೂ ಕಷ್ಟ. ಅನ್ನಭೇದಿ (ಫೆರಸ್ ಸಲ್ಫೇಟ್) ಅಂತ ಅಂಗಡಿಯಲ್ಲಿ ಸಿಗುತ್ತದೆ. ಲೀಟರ್ ನೀರಿಗೆ 5 ಗ್ರಾಂ ಹಾಕಿ, ಸ್ವಲ್ಪ ನಿಂಬೆರಸ ಹಿಂಡಿ, ಸಂಜೆ ಹೊಸ ಎಲೆ ನೆನೆಯುವ ಹಾಗೆ ಸಿಂಪಡಿಸಿ. ವಾರ ಹತ್ತು ದಿನ ಬಿಟ್ಟು ಇನ್ನೊಮ್ಮೆ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಬೆಂಡೆಯದ್ದು ನಂಜು (ವೈರಸ್) ರೋಗ, ಬಿಳಿನೊಣ ಹರಡುತ್ತದೆ. ಔಷಧಿ ಇಲ್ಲ. ಆ ಗಿಡಗಳನ್ನು ಇವತ್ತೇ ಕೀಳಿ, ಉಳಿದವಕ್ಕೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ ಎಲೆಯ ಕೆಳಗಡೆ ಹೊಡೆಯಿರಿ. ಮುಂದಿನ ಸಲ ಅರ್ಕಾ ಅನಾಮಿಕ ಬೀಜ ಹಾಕಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ, ಈ ರೋಗ ತಡೆಯಲಿ ಅಂತಲೇ ಮಾಡಿದ್ದು.

ನೆಟ್ ಎಲ್ಲದಕ್ಕೂ ಬೇಡ. ಬೆಂಡೆ, ಚವಳೆ ಪೂರ್ತಿ ಬಿಸಿಲು ಕೇಳುವ ಗಿಡಗಳು, ನೆರಳಲ್ಲಿ ಸುಮ್ನೆ ಉದ್ದ ಬೆಳೆಯುತ್ತವೆ. ರಾಜಗಿರಿ, ಮೆಂತ್ಯ ಮತ್ತು ಸಸಿ ಮಡಿಗೆ ಮಾತ್ರ 50 ಪರ್ಸೆಂಟ್ ನೆಟ್ ಕಟ್ಟಿ. ಸಸಿ ಮಡಿ ಮಾಡೋ ಹೊತ್ತು ಇದೇ. ಈಗ ಬದನೆ, ಮೆಣಸಿನಕಾಯಿ, ಟೊಮೆಟೊ ಬೀಜ ಹಾಕಿದರೆ ನಾಲ್ಕೈದು ವಾರಕ್ಕೆ ಸಸಿ ತಯಾರು, ಮಿರಗದ (ಮೃಗಶಿರಾ) ಮಳೆಗೆ ನೆಲಕ್ಕೆ ಇಳಿಸಬಹುದು.

ಪುಂಡಿ ಬಗ್ಗೆ ಯಾರೂ ಮಾತೇ ಆಡಿಲ್ಲ! ಈ ಬಿಸಿಲಲ್ಲೂ ಅದು ಚಿಗುರುತ್ತಿದೆ ಅಂದರೆ ನಿಮ್ಮ ಮನೆಗೆ ಜೋಳದ ರೊಟ್ಟಿಗೆ ಪಲ್ಯದ ಕೊರತೆ ಇಲ್ಲ. ಗಿಡ ಬೇರು ಸಮೇತ ಕೀಳಬೇಡಿ, ತುದಿ ತುದಿ ಚಿವುಟುತ್ತಾ ಇರಿ, ಕವಲೊಡೆದು ಪೊದೆ ಆಗುತ್ತದೆ. ಹಗಲು ಸಣ್ಣದಾಗುವ ಕಾಲಕ್ಕೆ ಅದು ಹೂ ಬಿಡುತ್ತದೆ. ಆಗ ಒಂದು ಗಿಡ ಬೀಜಕ್ಕೆ ಬಿಡಿ, ಕಾಯಿ ಒಣಗಿದ ಮೇಲೆ ನನಗೂ ಒಂದು ಹಿಡಿ ಕಳಿಸಿ. ನಮ್ಮಲ್ಲಿ ಇರೋದು ಹಸಿರು ದಂಟಿನದ್ದು. ನಿಮ್ಮದು ಕೆಂಪು ದಂಟಿನದ್ದಾ?

ಹಿತ್ತಲಮನೆ (ಕಲಬುರಗಿ):

ಹೌದು ರೀ, ಕೆಂಪು ದಂಟು, ಹುಳಿ ಜಾಸ್ತಿ. ಖಂಡಿತ ಕಳಿಸುತ್ತೇನೆ. ಹಳದಿ ಬೆಂಡೆ ಎರಡೂ ಕಿತ್ತಾಯಿತು. ಶೇಂಗಾ ಸಿಪ್ಪೆ ನಾಳೆ ತರುತ್ತೇನೆ.