ಮಿದುಳಿನ ಹುಳುಬಾಧೆಯ ತಪಾಸಣೆ: ನಮ್ಮ ಕುಟುಂಬದ ಗುಂಪಿನಲ್ಲಿ ನಡೆದ ಚರ್ಚೆ

ಶ್ರೀಪಾದ ಭಾವ: ಹಳ್ಳಿಗಳಲ್ಲಿ ಮಿದುಳಿನ ಹುಳುಬಾಧೆಯ ತಪಾಸಣೆ ನಡೆಯಬೇಕೆಂಬ ಬರಹವನ್ನು ವಸುಧಾ ಇಲ್ಲಿ ಹಾಕಿದ್ದಾಳೆ. ಹಂದಿಮಾಂಸ ತಿನ್ನುವವರಿಗೆ ಬರುವ ಕಾಯಿಲೆಯನ್ನು ಶಿರಸಿಯ ನಮ್ಮ ತೋಟದ ಮನೆಗಳಲ್ಲಿ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ.

ವಸುಧಾ: ಭಾವ, ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ, ಆದರೆ ಮಿದುಳಿನಲ್ಲಿ ಗಂಟಾಗುವ ಮರಿಹುಳು ಬರುವುದು ಅಂಥವರ ಮಲದಲ್ಲಿ ಹೊರಬಿದ್ದ ಮೊಟ್ಟೆಗಳಿಂದ. ನೀರು, ಸೊಪ್ಪು, ತೊಳೆಯದ ಕೈ, ಯಾವುದರ ಮೂಲಕವಾದರೂ ಅವು ಸಸ್ಯಾಹಾರಿಗಳ ಹೊಟ್ಟೆಯನ್ನೂ ಸೇರಬಲ್ಲವು. ತೋಟದ ಕಾಲುವೆಯಂಚಿನಿಂದ ಕಿತ್ತು ತಂದ ಒಂದೆಲಗವನ್ನು ನಾವು ಹಸಿಯಾಗಿಯೇ ಅರೆದು ತಂಬುಳಿ ಮಾಡುತ್ತೇವೆ; ಪ್ರತಿ ಎಲೆಯನ್ನೂ ಬಿಡಿಸಿ ತೊಳೆದಿರುತ್ತೇವೆಯೇ? ಈ ಹುಳು ನೆಲೆಯೂರಿರುವ ಅನೇಕ ಪ್ರದೇಶಗಳಲ್ಲಿ ಮೂರ್ಛೆರೋಗದ ಸುಮಾರು ಶೇ. 30ರಷ್ಟು ಪ್ರಕರಣಗಳಿಗೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಶ್ರೀಪಾದ ಭಾವ: ಮೊಟ್ಟೆಯ ವಿಷಯ ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಹಾಗೆಂದು ಊರಿಗೆ ಊರನ್ನೇ ಸ್ಕ್ಯಾನ್ ಮಾಡಿಸಲಾದೀತೇ? ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆ ಸಾಲದೇ?

ವಸುಧಾ: ಸಾಲದು. ಅದು ಆಲ್ಬೆಂಡಜೋಲ್‌ನ 400 ಮಿಲಿಗ್ರಾಂನ ಒಂದೇ ಮಾತ್ರೆ, ಕರುಳಿನ ಜಂತುಹುಳುಗಳಿಗಾಗಿ ಕೊಡುವಂಥದ್ದು. ಮಿದುಳಿನ ಗಂಟು ಸಾಯುವಾಗ ಸುತ್ತಲೂ ಊತವೇರಿ ಫಿಟ್ಸ್ ಹೆಚ್ಚಬಹುದಾದ್ದರಿಂದ ಅಲ್ಲಿ ಸ್ಟೆರಾಯ್ಡ್ ಜೊತೆಗೆ, ವೈದ್ಯರ ಕಣ್ಣೆದುರಲ್ಲೇ, ಹಲವು ದಿನ ಔಷಧ ಕೊಡಬೇಕಾಗುತ್ತದೆ. ಎಲ್ಲರಿಗೂ ಸ್ಕ್ಯಾನ್ ಮಾಡಿಸಿದರೆ, ಯಾವ ತೊಂದರೆಯೂ ಇಲ್ಲದವರ ತಲೆಯಲ್ಲಿ ಎಂದೋ ಸತ್ತು ಸುಣ್ಣಗಟ್ಟಿದ ಚುಕ್ಕೆ ಕಂಡು ಅವರು ಸುಮ್ಮನೆ ಹೆದರಿಯಾರು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಫಿಟ್ಸ್ ಬಂದದ್ದುಂಟೇ ಎಂದು ಕೇಳಲಿ. ಉಂಟೆಂದವರಿಗೆ ವೈದ್ಯರು ನೋಡಿದ ಮೇಲೆ ಸ್ಕ್ಯಾನ್ ಆಗಲಿ. ಆ ಮನೆಯಲ್ಲಿ ಯಾರ ಹೊಟ್ಟೆಯಲ್ಲಾದರೂ ಲಾಡಿಹುಳು ಇದೆಯೇ ಎಂದು ಮಲಪರೀಕ್ಷೆಯೂ ನಡೆಯಲಿ.

ರಾಮಚಂದ್ರ ಚಿಕ್ಕಪ್ಪ: ಕೂಸೇ, ಉಂಟೆಂದು ಯಾರು ಹೇಳುತ್ತಾರೆ? ಮಗಳ ಮದುವೆ ನಿಂತೀತೆಂದು ಮುಚ್ಚಿಡುವವರೇ ಹೆಚ್ಚು.

ವಸುಧಾ: ನನ್ನನ್ನು ಕಾಡುವುದೂ ಅದೇ, ಚಿಕ್ಕಪ್ಪ. ಕಳೆದ ಕೊಯ್ಲಿನಲ್ಲಿ ನಮ್ಮ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಹೆಂಗಸು ಫಿಟ್ಸ್ ಬಂದು ಮೆಟ್ಟುಗತ್ತಿಯ ಮೇಲೆಯೇ ವಾಲಿದಳು. ಕತ್ತಿಯನ್ನು ದೂರ ಸರಿಸಿ ಅವಳನ್ನು ಮಗ್ಗುಲಿಗೆ ಮಲಗಿಸುವ ಬದಲು ನಾವು ಅವಳ ಕೈಗೆ ಬೀಗದಕೈ ಗೊಂಚಲು ತುರುಕುತ್ತ ನಿಂತೆವು, ಅಂಗೈ ಸೀಳಿತ್ತು. ಎಚ್ಚರವಾದೊಡನೆ ಅವಳು ಹೇಳಿದ ಮೊದಲ ಮಾತು, ‘ಯಾರಿಗೂ ಹೇಳಬೇಡಿ’ ಎಂದು. ಆದ್ದರಿಂದಲೇ ಕೇಳುವವರು ಪರಿಚಿತರಾಗಿರಬೇಕು, ಹೆಸರುಗಳು ಪಂಚಾಯಿತಿಯಲ್ಲಿ ಬಯಲಾಗಬಾರದು, ಫಿಟ್ಸ್ ಮಾತ್ರೆ ತಾಲ್ಲೂಕು ಆಸ್ಪತ್ರೆಯಲ್ಲಿ ತಪ್ಪದೆ ಸಿಗಬೇಕು. ಇಷ್ಟೂ ಇಲ್ಲದೆ ಶಿಬಿರ ನಡೆಸುವುದಾದರೆ ನಾನೇ ವಿರೋಧಿಸುತ್ತೇನೆ.

ರಾಮಚಂದ್ರ ಚಿಕ್ಕಪ್ಪ: ನಮ್ಮೂರಿನ ಆಶಾ ಕಾರ್ಯಕರ್ತೆಯೊಂದಿಗೆ ನಾಳೆ ನಾನೇ ಮಾತನಾಡುತ್ತೇನೆ. ಹೆಸರುಗಳು ಅವಳ ಬಳಿಯೇ ಇರಲಿ, ನನಗೂ ತಿಳಿಯುವುದು ಬೇಡ.